ನನ್ನ ನಂಬರಿಗೆ ಬಂದದ್ದು

ರಾತ್ರಿ ಹನ್ನೊಂದೂವರೆಗೆ ದಿಂಬಿನ ಕೆಳಗೆ ಫೋನು ಟಿಣ್ ಎಂದಿತು.

ತೆಗೆದು ನೋಡಿದೆ. ಆರು ಅಂಕಿಯ ಓಟಿಪಿ. ಯಾರದೆಂದು ಗೊತ್ತಿತ್ತು. ಅರ್ಧ ನಿಮಿಷಕ್ಕೆ ಪಾರವ್ವ ಬಾಗಿಲು ಬಡಿದಳು. ಪಕ್ಕದ ಖೋಲಿಯವಳು, ನಮ್ಮಿಬ್ಬರ ನಡುವೆ ಇರುವುದು ಒಂದು ತಗಡು. ಅವಳ ಕೈಯಲ್ಲಿದ್ದ ಫೋನಿನೊಳಗಿಂದ ಒಬ್ಬ ಹುಡುಗಿ, "ಆಂಟಿ, ಬಂತಾ? ಬಂತಾ?" ಎನ್ನುತ್ತಿದ್ದಳು.

"ಕಾಂಚನಾ, ನಂಬರ ಬಂತೇನವಾ? ದಿಶಾ ಕೇಳಾಕತ್ತಾಳ. ಟ್ಯಾಕ್ಸಿನ ಕಾಗದಕ್ಕ ನಾಳೆ ಕಡೀ ದಿನ ಅಂತ."

"ಇಲ್ಲ. ನೆಟವರ್ಕ ಇಲ್ಲ ನೋಡು."

ಇನ್ನೂ ಎರಡು ಸಲ ಟಿಣ್ ಎಂದಿತು. ಎರಡು ಸಲವೂ ಇಲ್ಲವೆಂದೆ. ಹತ್ತು ನಿಮಿಷ ಕಳೆದರೆ ಆ ಅಂಕಿಗಳು ಸಾಯುತ್ತವೆ. ಮೂರನ್ನೂ ಕತ್ತಲಲ್ಲಿ ನೋಡುತ್ತ ಕುಳಿತೆ.

ಊರು ಬಿಟ್ಟು ಬಂದವರೇ ತುಂಬಿದ ತುರ್ಭೆಯ ನಮ್ಮ ಓಣಿಯಲ್ಲಿ ಫೋನುಗಳಿಗೆ ಆಯುಸ್ಸು ಕಡಿಮೆ. ಗಂಡಸರು ಒತ್ತೆ ಇಡುತ್ತಾರೆ, ರೀಚಾರ್ಜ್ ಮುಗಿದು ನಂಬರು ಹೋಗುತ್ತದೆ. ಹನ್ನೊಂದು ವರ್ಷದಿಂದ ಬದಲಾಗದ ನಂಬರು ನನ್ನದೊಂದೇ. ಹಾಗಾಗಿ ಮೆಣಸಿನಕಾಯಿ ಗೋದಾಮಿನಲ್ಲಿ ದುಡಿಯುವ ನಮ್ಮ ಒಂಬತ್ತು ಹೆಂಗಸರ ಆಧಾರಿಗೂ ಪ್ಯಾನ್‌ಗೂ ಅದನ್ನೇ ಕೊಟ್ಟಿದ್ದೆವು. ಅರ್ಜಿ ಬರೆಯುವವಳು ನಾನು, ನೋಟಿಸು ಓದುವವಳು ನಾನು. ಸಿಂದಗಿಯಲ್ಲಿ ಬಿ.ಕಾಂ. ಫಸ್ಟ್ ಕ್ಲಾಸ್ ಮಾಡಿದ ಸರ್ಟಿಫಿಕೇಟು ಟ್ರಂಕಿನಲ್ಲಿದೆ. ಮಾಡುವುದು ಮಾತ್ರ ಅವರೆಲ್ಲರ ಹಾಗೆ ಮೆಣಸಿನ ತೊಟ್ಟು ಮುರಿಯುವ ಕೆಲಸ.

ಅಂಥದ್ದರಲ್ಲಿ ಹೋದ ವಾರ ಪಾರವ್ವ ನನ್ನನ್ನು ಕೇಳದೆ ಯಾವುದೋ ಕಾಲೇಜಿಗೆ ಹೋಗಿ ಬಂದಳು. ಬಡವರ ಟ್ಯಾಕ್ಸಿನ ಕಾಗದಗಳನ್ನು ಅಲ್ಲಿ ಹುಡುಗ ಹುಡುಗಿಯರೇ ಪುಕ್ಕಟೆ ಮಾಡಿಕೊಡುತ್ತಾರಂತೆ. ಬಂದವಳೇ ಓಣಿಗೆಲ್ಲ ಸಾರಿದಳು: "ಆ ದಿಶಾ ಅನ್ನೋ ಹುಡುಗಿ ಎದ್ದು ನಿಂತು ನನಗ ಕುರ್ಚಿ ಕೊಟ್ಟಳು! ಕುಂದ್ರಿ ಅಂದಳು, ಚಹಾ ಕೊಟ್ಟಳು!"

ಗೋದಾಮಿನ ಆಫೀಸಿನಲ್ಲಿ ಕುರ್ಚಿ ಸಿಗುತ್ತಿದ್ದದ್ದು ನನಗೊಬ್ಬಳಿಗೇ.

ಮರುದಿನ ಬೆಳಿಗ್ಗೆ ಪಾರವ್ವ ಮೆಣಸಿನ ಘಾಟಿಗೆ ಕೆಮ್ಮುತ್ತ ಕಾಂಟ್ರಾಕ್ಟರ್ ಯಜ್ಞೇಶ್ವರನ ಎದುರು ನಿಂತಳು.

"ಸಾವ್ಕಾರ್ರ, ಪಗಾರದಾಗ ಟ್ಯಾಕ್ಸ ಹಿಡದದ್ದಕ್ಕ ಒಂದ ಕಾಗದ ಬೇಕಾಗಿತ್ರಿ."

"ಎಂತದು?" ಅವನು ವೀಳ್ಯದ ಬಾಯಿ ಮೇಲೆತ್ತಿ ನಕ್ಕ. "ತೊಟ್ಟು ಮುರಿಯುವ ರಂಡೆಗೆ ಟ್ಯಾಕ್ಸಿನ ಕಾಗದವಾ? ನಾಳೆ ವಿಮಾನದ ಟಿಕೆಟ್ ಕೇಳ್ತಿ ಮಾರಾಯ್ತಿ! ಚಲ್, ಹಟ್. ಮೈಯೆಲ್ಲ ನಾತ."

ಹಮಾಲರು ನಕ್ಕರು. ನಾನೂ ನಕ್ಕೆ.

ಅವನು ಕಾಲಿನಿಂದಲೇ ಪ್ಲಾಸ್ಟಿಕ್ ಕುರ್ಚಿಯನ್ನು ನನ್ನ ಕಡೆ ತಳ್ಳಿದ. "ಕೂತ್ಕೊಳ್ಳಿ ಮೇಡಂ. ಇವತ್ತು ರಾತ್ರಿ ನಿಮ್ಮ ಒಂಬತ್ತು ಜನರ ಓಟಿಪಿ ಬರ್ಲಿಕ್ಕುಂಟು. ಪ್ರತಿ ವರ್ಷದ ಹಾಗೇ. ಫೋನ್ ಚಾರ್ಜಲ್ಲಿಡಿ, ಹಾಂ?"

ಮೂರು ವರ್ಷದಿಂದ ಜುಲೈ ಕೊನೆಗೆ ಹೀಗೇ ನಡೆಯುತ್ತಿತ್ತು. ಪಿಎಫ್ ಕೆಲಸ ಎನ್ನುತ್ತಿದ್ದ. ನಾನು ಮೆಸೇಜಿನ ಅಕ್ಷರಗಳನ್ನು ಓದುತ್ತಿರಲಿಲ್ಲ, ಅಂಕಿಗಳನ್ನು ಮಾತ್ರ ಓದಿ ಹೇಳುತ್ತಿದ್ದೆ. ಕೇಳಿದ್ದರೆ ಮೇಡಂ ಎನ್ನುವುದು ನಿಲ್ಲುತ್ತಿತ್ತು.

ಮಧ್ಯಾಹ್ನ ಪಾರವ್ವ ಅರ್ಧ ದಿನದ ಪಗಾರ ಬಿಟ್ಟು, ನನ್ನನ್ನೂ ನನ್ನ ಫೋನನ್ನೂ ಎಳೆದುಕೊಂಡು ಆ ಕಾಲೇಜಿಗೆ ಹೋದಳು.

ಎರಡನೇ ಮಹಡಿಯ ಕ್ಲಾಸಿನಲ್ಲಿ ಸಾಲು ಮೇಜು. ಕೊರಳಲ್ಲಿ ಕಾರ್ಡು ಹಾಕಿಕೊಂಡ ಮಕ್ಕಳು. ದಿಶಾಗೆ ಇಪ್ಪತ್ತೊಂದು ಇರಬಹುದು. ಮನೆ ಠಾಣೆ ಶಹರದ ವರ್ತಕ ನಗರದಲ್ಲಿ, ಅಪ್ಪ ಅಮ್ಮ ಬೆಂಗಳೂರಿನವರು. ಉಗುರುಗಳು ಎಷ್ಟು ಸ್ವಚ್ಛವಾಗಿದ್ದವೆಂದರೆ ನನ್ನ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ. ಅವಳು ಎದ್ದಳು. ಪಾರವ್ವನಿಗೇ ಮೊದಲು ಕುರ್ಚಿ ಎಳೆದಳು. ಆಮೇಲೆ ನನಗೆ.

"ನಿನ್ನೆ ಪಾಪ ನಿಮಗೂ ತೊಂದ್ರೆ ಕೊಟ್ಟೆ ಆಂಟಿ. ಆ ಏರಿಯಾದಲ್ಲಿ ನೆಟ್‌ವರ್ಕ್ ಅಷ್ಟು ಖರಾಬಾ?"

ಫೋನು ಮೇಜಿನ ಮೇಲಿತ್ತು. ಟಿಣ್ ಎಂದಿತು. ಮೂವರೂ ಕೇಳಿದೆವು. ಓದಿ ಹೇಳಿದೆ.

ದಿಶಾ ಪರದೆಯನ್ನು ನೋಡುತ್ತ ಹುಬ್ಬು ಗಂಟಿಕ್ಕಿದಳು. "ಪಾರವ್ವ ಆಂಟಿ, ನಿಮ್ ಹೆಸರಲ್ಲಿ ಮೂರು ವರ್ಷ ಆಲ್ರೆಡಿ ರಿಟರ್ನ್ ಹಾಕಿದಾರೆ. ನಿಮ್ಮಿಂದ ಹಿಡಿದ ಟ್ಯಾಕ್ಸೆಲ್ಲ ಸರ್ಕಾರ ವಾಪಸ್ ಕೊಟ್ಟಿದೆ. ಹನ್ನೊಂದು ಸಾವಿರದ ನಾನೂರು. ನಿಮ್ಮ ಪಗಾರದ ಅಕೌಂಟಿಗೇ ಹೋಗಿದೆ."

"ಆ ಖಾತೇದ ಎಟಿಎಂ ಕಾರ್ಡ ಯಜ್ಞೇಶ್ವರನ ಮೇಜಿನ ಡ್ರಾದಾಗ ಇರತೈತೆವ್ವಾ. ಎಲ್ಲಾರದ್ದೂ ಅಲ್ಲೇ. ತಿಂಗಳಿಗೊಮ್ಮೆ ಪಗಾರ ತಾನ ತಗದು ಕೊಡತಾನ."

"ಆದ್ರೆ ಓಟಿಪಿ ಇಲ್ದೆ ಇದು ಆಗಲ್ಲ. ಓಟಿಪಿ ಹೋಗಿರೋದು..." ದಿಶಾ ನನ್ನ ಫೋನನ್ನು ನೋಡಿದಳು. ಆಮೇಲೆ ನನ್ನನ್ನು. "ಆಂಟಿ, ನಿಮಗೆ ಗೊತ್ತಿತ್ತಾ?"

"ನಾನೂ ಬಿ.ಕಾಂ. ಮಾಡೀನಿ," ಎಂದೆ.

"ಓ," ಎಂದಳು ಮೆಲ್ಲಗೆ. ಆ ದನಿಯಲ್ಲಿ ಕರುಣೆಯಿತ್ತು. ರಂಡೆ ಎಂದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪಾರವ್ವ ನನ್ನ ಕಡೆ ತಿರುಗಲಿಲ್ಲ. ಈ ವರ್ಷದ ರಿಟರ್ನನ್ನು ದಿಶಾ ಅಲ್ಲಿಯೇ ತುಂಬಿ, ಪಾರವ್ವನದೇ ಇನ್ನೊಂದು ಬ್ಯಾಂಕಿನ ಖಾತೆ ಹಾಕಿದಳು. ಕಾರ್ಡಿನ ವಿಷಯಕ್ಕೆ ತಮ್ಮ ಸರ್ ಜೊತೆ ಕೂತು ದೂರು ಬರೆಯುತ್ತೇನೆ ಎಂದಳು. "ಉಳಿದೋರದ್ದು ಲೇಟಾದ್ರೂ ಹಾಕಬಹುದು, ಕರ್ಕೊಂಡು ಬನ್ನಿ. ನಿಮ್ದೂ ನೋಡ್ಲಾ ಆಂಟಿ? ನಿಮ್ದೂ ತಗೊಂಡಿರ್ತಾರೆ."

"ಬ್ಯಾಡ."

ಲೋಕಲ್ ರೈಲು ಹತ್ತಿದೆವು. ನನ್ನ ತಲೆಯಲ್ಲಿ ಹನ್ನೊಂದು ಸಾವಿರ ಇರಲಿಲ್ಲ. ಆ ಉಗುರುಗಳಿದ್ದವು. ದಿಶಾಳ ಜಾಗದಲ್ಲಿ ನಾನು ಕುಳಿತಿದ್ದರೆ ಪಾರವ್ವನ ಕಾಗದವನ್ನು ಅವಳಿಗಿಂತ ಬೇಗ ಓದುತ್ತಿದ್ದೆ ಎಂದುಕೊಂಡೆ. ಹನ್ನೊಂದು ವರ್ಷ ಆ ಜಾಗದಲ್ಲೇ ಕುಳಿತಿದ್ದೆ ಎಂಬುದು ತುರ್ಭೆ ಸ್ಟೇಷನ್ನಿನಲ್ಲಿ ಇಳಿಯುವಾಗ ಹೊಳೆಯಿತು.

ರಾತ್ರಿ ಹತ್ತಕ್ಕೆ ಶುರುವಾಯಿತು. ಟಿಣ್. ಯಜ್ಞೇಶ್ವರನ ಫೋನು.

"ಹಾಂ ಮೇಡಂ, ಹೇಳಿ."

"ಬಂದಿಲ್ರಿ. ನೆಟವರ್ಕ ಇಲ್ಲ."

"ಪುನಃ ಕಳಿಸ್ತೇನೆ."

ಟಿಣ್. ಈ ಸಲ ಅಕ್ಷರಗಳನ್ನೂ ಓದಿದೆ, ಪ್ರತಿಯೊಂದನ್ನೂ. ಆಮೇಲೆ ಅದು ಸಾಯುವವರೆಗೂ ಕಾದೆ. ಆಗಲೇ ತುಂಬಿಯಾಗಿದ್ದ ಪಾರವ್ವನದು ಅವನಿಗೆ ತೆರೆಯಲಿಲ್ಲವೋ ಏನೋ, ಒಬ್ಬೊಬ್ಬರದಾಗಿ ಎಂಟು ಬಂದವು. ಎಂಟನೆಯದು ನನ್ನದೇ. ಮತ್ತೆ ಅವನ ಫೋನು.

"ಸುಳ್ಳು ಹೇಳ್ತಿಯಾ ಬೇವರ್ಸಿ? ಆ ಮುದುಕಿಯ ಒಟ್ಟಿಗೆ ಎಲ್ಲಿಗೆ ಹೋಗಿದ್ದಿ? ನಾಳೆ ಬಾ ಗೋದಾಮಿಗೆ. ಕುರ್ಚಿ ಎಲ್ಲಿ ಇಡ್ತೇನೆ ನೋಡು ನಿಂಗೆ!"

"ಬಂದಿಲ್ಲ ಅಂದೆನಲ್ಲೋ ಹಾಟ್ಯಾ," ಎಂದು ಕಟ್ ಮಾಡಿದೆ. ಹನ್ನೆರಡು ಹೊಡೆಯುವವರೆಗೂ ಫೋನು ಬಡಿದುಕೊಳ್ಳುತ್ತಿತ್ತು; ಎತ್ತಲಿಲ್ಲ.

ತಲೆಯೆತ್ತಿದರೆ ಹೊಸ್ತಿಲಲ್ಲಿ ಪಾರವ್ವ ಕುಳಿತಿದ್ದಳು. ಯಾವಾಗ ಬಂದಿದ್ದಳೋ.

"ನಿನ್ನೆ ರಾತ್ರೀನೂ ಟಿಣ್ ಅಂದಿತ್ತು," ಎಂದಳು. "ನಡಕ ತಗಡ ಐತಿ, ನನಗ ಕೇಳಸ್ತು. ಮೂರೂ ಸಲ."

ಫೋನನ್ನು ದಿಂಬಿನ ಕೆಳಗೆ ತಳ್ಳಿದೆ.

ಅವಳು ಮೊಣಕಾಲಿಗೆ ಕೈಯೂರಿ ಎದ್ದಳು. "ಓಣ್ಯಾಗ ಯಾರಿಗೂ ಹೇಳಂಗಿಲ್ಲ ನಾ. ದಿಶಾಗೂ ಹೇಳಂಗಿಲ್ಲ. ನಿನ್ನೀದೂ, ಇವತ್ತಿಂದೂ. ಮಕ್ಕೊ."

ತಗಡಿನಾಚೆ ಎರಡು ಸಲ ಕೆಮ್ಮಿ ನಿದ್ದೆಹೋದಳು. ನನಗೆ ಆ ನಿದ್ದೆಯ ಮೇಲೂ ಹೊಟ್ಟೆಕಿಚ್ಚಾಯಿತು.