ಸಂಜೆ ಏರುವ ಬಿಪಿ

ನಮ್ಮ ಯಜಮಾನರು ಹೊನ್ನಯ್ಯನವರು ನನ್ನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಯಿತು. ಹಾಲಿನ ಡೈರಿ ಚುನಾವಣೆಯಲ್ಲಿ ಅವರಿಗೆ ಹಾಕದೆ ನಮ್ಮಣ್ಣನಿಗೆ ವೋಟು ಹಾಕಿದೆ. ಹಾಳಾದ್ದು, ಒಂದೇ ವೋಟಿನಲ್ಲಿ ಸೋತರು. ಈಗ ಉಪ್ಪು ಕಮ್ಮಿಯಾದರೂ ನಾಯಿಗೇ ಹೇಳುತ್ತಾರೆ: "ಲೇ ರಾಜ, ಸಾರ್ಗೆ ಉಪ್ಪೇ ಇಲ್ಲ ಕಣ್ಲಾ." ನಾನೇನು ಕಡಿಮೆಯೇ, ನಾಯಿಗೇ ಉತ್ತರ ಕೊಡುತ್ತೇನೆ. ಮನೆಯಲ್ಲಿರುವುದು ನಾವಿಬ್ಬರೇ.

ಹೋದ ತಿಂಗಳು ಕುರಿ ಮೇಯಿಸುವಾಗ ತಲೆ ಸುತ್ತಿ ಬಿದ್ದರು. ಮಾಗಡಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಅನು ಇವರ ಮುಂಗೈಗೊಂದು ಪಟ್ಟಿ ಅಂಟಿಸಿದರು. ಹೊಸದಂತೆ. ಬಸುರಿಯರಿಗೆ ಮಾಡುವ ಸ್ಕ್ಯಾನಿಂಗ್ ಥರವೇ ಅದು ಒಳಗಿನ ರಕ್ತನಾಳ ನೋಡುತ್ತಾ ದಿನವಿಡೀ ಬಿಪಿ ಹೇಳುತ್ತದೆ. ಅದರ ಗೆರೆ ಕಾಣುವುದು ನನ್ನ ಮೊಬೈಲಿನಲ್ಲಿ. "ಹೀಗೇ ಏರ್ತಿದ್ರೆ ಲಕ್ವ ಹೊಡೆಯುತ್ತೆ, ಹುಷಾರು" ಎಂದರು ಡಾಕ್ಟರ್.

ಹಗಲೆಲ್ಲ ಕುರಿಗಳ ಜೊತೆ ಗೆರೆ ತಣ್ಣಗಿರುತ್ತಿತ್ತು. ಸಂಜೆ ನಾನು ತಟ್ಟೆ ಇಟ್ಟು ಎದುರು ಕೂತೆನೋ, ಸರ್ರನೆ ಮೇಲೆ. ದಿನಾ ಇದೇ ಕಥೆ. ನನ್ನ ಮುಖವೇ ಇವರಿಗೆ ಕಾಯಿಲೆಯೇ ಎಂದು ಹೊಟ್ಟೆ ಉರಿಯಿತು. ಆಮೇಲೆ ಹೆದರಿಕೆಯಾಯಿತು. ಮಾತಾಡದಿದ್ದರೂ ಪರವಾಗಿಲ್ಲ, ಗಂಡ ಉಳಿಯಬೇಕು.

ಅಂದಿನಿಂದ ಮುದ್ದೆ ಬಡಿಸಿಟ್ಟು ಕುರಿದೊಡ್ಡಿಗೆ ಹೋಗಿ ಕೂರತೊಡಗಿದೆ. ಅವರು ಮಲಗುವ ತನಕ ಅಲ್ಲೇ. ಗೆರೆ ಇಳಿಯಿತು. ನಾನಿಲ್ಲದಿದ್ದರೆ ಇಷ್ಟೊಂದು ನೆಮ್ಮದಿಯೇ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಕುರಿಗಳು ತಮ್ಮ ಪಾಡಿಗೆ ಮೆಲುಕು ಹಾಕುತ್ತಿದ್ದವು.

ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರಿಗೆ ಖುಷಿಯೋ ಖುಷಿ. "ಸಂಜೆ ಬಿಪಿ ಎಷ್ಟು ಚೆನ್ನಾಗಿ ಇಳಿದಿದೆ ಲಕ್ಷ್ಮಿದೇವಮ್ಮ! ಏನು ಮಾಡಿದ್ರಿ?"

ಮುಚ್ಚಿಟ್ಟು ಏನಾಗಬೇಕು? "ನಾನು ಎದ್ರುಗೆ ಇರಾಕಿಲ್ಲ ಕಣವ್ವ. ನನ್ ಕಂಡ್ರೆ ಏರ್ತದೆ. ಅದ್ಕೆ ದೊಡ್ಡೀಲಿ ಕುಂತಿರ್ತೀನಿ" ಎಂದೆ.

ಡಾಕ್ಟರ್ ಯಜಮಾನರ ಕಡೆ ನೋಡಿದರು. "ಕೋಪ ಬಂದ್ರೂ ಏರುತ್ತೆ, ಮಾತಾಡಬೇಕು ಅನ್ನಿಸಿ ತಡ್ಕೊಂಡ್ರೂ ಏರುತ್ತೆ. ಯಾವುದು ಅಂತ ಈ ಪಟ್ಟಿಗೆ ಗೊತ್ತಾಗಲ್ಲ."

ಇವರು ಡಾಕ್ಟರ್ ಕಡೆ ತಿರುಗಿ, "ಏರಿದ್ರೆ ಏರ್ಲಿ ಬುಡವ್ವ. ಇನ್ನೊಂದು ಮಾತ್ರೆ ಬರ್ಕೊಡು. ಒಬ್ನೇ ಕುಂತ್ಕಂಡು ಉಣ್ಣಕ್ಕಾಯ್ತಿಲ್ಲ ನನ್ ಕೈಲಿ" ಎಂದರು.

ನಾನು ಅಲ್ಲೇ ಅತ್ತುಬಿಟ್ಟೆ. ಅಷ್ಟು ದೊಡ್ಡ ಮಾತನ್ನೂ ನನಗೆ ಹೇಳಲಿಲ್ಲ, ಡಾಕ್ಟರಿಗೆ ಹೇಳಿದರು ಪುಣ್ಯಾತ್ಮರು.