ಲಾಯಿಲದ ಹದಿನಾಲ್ಕನೇ ತಾರೀಖಿನ ಬಾಟಲಿ

“ಅಜ್ಜಿ, ಬೇಜಾರು ಮಾಡ್ಬೇಡಿ. ಲಾಯಿಲವನ್ನು ಲೆಕ್ಕದಿಂದ ಬಿಟ್ಟುಬಿಡ್ಲಿಕ್ಕೆ ನಮ್ಮ ಗೈಡ್ ಸರ್ ಹೇಳಿದ್ದಾರೆ,” ಎಂದಳು ಸಾಧನಾ.

ಸಾಧನಾ ಮೂಡುಬಿದಿರೆಯಲ್ಲಿರುವ ನನ್ನ ತಂಗಿಯ ಮೊಮ್ಮಗಳು. ಎಲ್ಲಿಯಾದರೂ ಅಣುಸ್ಥಾವರದಲ್ಲಿ ಅವಘಡವಾದರೆ ವಿಕಿರಣದ ಕಣಗಳನ್ನು ಗಾಳಿ ಯಾವ ಕಡೆಗೆ ಒಯ್ಯುತ್ತದೆ, ಯಾವ ಊರಿನ ಮಳೆ ಅವನ್ನು ನೆಲಕ್ಕೆ ಇಳಿಸುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಸಂಶೋಧನೆ. ಲೆಕ್ಕ ಸರಿ ಉಂಟೋ ಎಂದು ನೋಡಲು ಅವಘಡವನ್ನು ಕಾಯುತ್ತ ಕೂರಲಾಗುವುದಿಲ್ಲವಲ್ಲ. ಆಕಾಶದಲ್ಲಿ ಬಹಳ ಎತ್ತರದಲ್ಲಿ ತಾವಾಗಿಯೇ ಹುಟ್ಟುವ, ಯಾರಿಗೂ ತೊಂದರೆ ಮಾಡದ ಬೆರಿಲಿಯಂ ಕಣಗಳಿವೆಯಂತೆ. ಅವೂ ಮಳೆಯ ಜೊತೆಗೇ ಇಳಿಯುತ್ತವೆ. ಹಾಗಾಗಿ ಮೂಡುಬಿದಿರೆ, ಪಾಣೆಮಂಗಳೂರು, ಕನ್ಯಾನ, ಲಾಯಿಲ ಹೀಗೆ ನಾಲ್ಕು ಕಡೆ ಪ್ರತಿದಿನದ ಮಳೆನೀರನ್ನು ಬಾಟಲಿಯಲ್ಲಿ ಹಿಡಿಸಿ ಪ್ರಯೋಗಾಲಯದಲ್ಲಿ ಅಳೆಸುತ್ತಿದ್ದಳು. ಲಾಯಿಲದ ಬಾಟಲಿ ನನ್ನದು.

“ಯಾಕೆ ಬಿಡುವುದು?”

“ಕೆಲವು ದಿನ ಮಳೆ ಇಲ್ಲದೆ ಇದ್ದು ಮತ್ತೆ ಬಂದ್ರೆ, ಮೊದಲನೇ ಮಳೆಯಲ್ಲಿ ಕಣ ಜಾಸ್ತಿ. ಈ ಅಕ್ಟೋಬರಿನಲ್ಲಿ ಹಾಗೆ ಬಿಟ್ಟು ಮತ್ತೆ ಮಳೆ ಬಂದದ್ದು ಹದಿನಾಲ್ಕನೇ ತಾರೀಖು ರಾತ್ರಿ ಒಂಬತ್ತು ಗಂಟೆಗೆ. ನಿಮ್ಮ ಬಾಟಲಿಯ ಮೇಲೆ ಹದಿನಾಲ್ಕು ಅಂತ ಉಂಟು, ಅಂದ್ರೆ ತುಂಬಿದ್ದು ಅದೇ ದಿನ ಬೆಳಿಗ್ಗೆ. ಅದ್ರಲ್ಲಿ ಕಣ ತುಂಬಿಹೋಗಿದೆ! ಲಾಯಿಲದಲ್ಲಿ ಮೋಡ ಬರುವ ಮೊದಲೇ ಮಳೆ ಬೀಳ್ತದಾ ಅಂತ ಸರ್ ನಗಾಡಿದ್ರು.”

“ನಗಾಡ್ಲಿ. ಅಳತೆ ತಪ್ಪಲಿಲ್ಲ.”

ನನಗೆ ಅದು ಗೊತ್ತಿತ್ತು. ಮೂವತ್ತೈದು ವರ್ಷದ ಹಿಂದೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತಾಗ, ಕಲಿತದ್ದು ಮರೆಯದಿರಲಿ ಎಂದು ಟೀಚರು ಒಂದು ಕೆಲಸ ಕೊಟ್ಟಿದ್ದರು: ದಿನಾ ಮಳೆ ಅಳೆದು ಪುಸ್ತಕದಲ್ಲಿ ಬರೆಯುವುದು. ಅಂದಿನಿಂದ ಬೆಳಿಗ್ಗೆ ಎಂಟೂವರೆ ತಪ್ಪಿಸಿದವಳಲ್ಲ.

“ಬಿಟ್ಟರೆ ಏನಾಗ್ತದೆ?”

“ಘಟ್ಟದ ಬುಡದಲ್ಲಿ ನನಗೆ ಇರುವುದು ನೀವೊಬ್ಬರೇ. ಬಿಟ್ಟರೆ ನಕ್ಷೆಯಲ್ಲಿ ಇಷ್ಟೂ ಊರು ಬಿಳಿ. ಆಪತ್ತು ಬಂದಾಗ ಯಾರು ಬಾಗಿಲು ಹಾಕಿ ಒಳಗೆ ಕೂರಬೇಕು, ಯಾವ ಊರಿನ ಹಾಲು ಕುಡಿಯಬಾರದು ಅಂತ ಇಲ್ಲಿಯವರಿಗೆ ಮಾತ್ರ ಹೇಳ್ಲಿಕ್ಕೆ ಆಗುದಿಲ್ಲ. ನಾಡಿದ್ದು ಲೆಕ್ಕ ಕಳಿಸಬೇಕು ಅಜ್ಜಿ.”

ಅವಳ ಕಣ್ಣು ತುಂಬಿತ್ತು. ಅಳುವುದಕ್ಕೆ ನನಗೆ ಪುರುಸೊತ್ತಿರಲಿಲ್ಲ.

“ನಿನ್ನ ಲೆಕ್ಕಕ್ಕೆ ಸರಿ ಕೂತ ಪುಸ್ತಕ ಯಾರದ್ದು?”

“ಪಾಣೆಮಂಗಳೂರಿನ ಝಕರಿಯಾ ಅವರದ್ದು. ಒಂದು ದಿನವೂ ಆಚೀಚೆ ಇಲ್ಲ.”

“ಹಾಗಾದ್ರೆ ಅಲ್ಲಿಗೇ ಹೋಗುವ. ಎರಡು ಪುಸ್ತಕ ಒಟ್ಟಿಗೆ ಇಟ್ಟು ನೋಡುವ.”

ಬಸ್ಸಿನಲ್ಲಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಝಕರಿಯಾ ಪಾಣೆಮಂಗಳೂರಿನಲ್ಲಿ ಹಗ್ಗ, ಟಾರ್ಪಾಲು, ಕೊಡೆ ಮಾರುವವರು. ನೇತ್ರಾವತಿ ಏರುವ ದಿನಗಳಿಗೆ ಬೇಕೆಂದು ಅವರೂ ಅಂಗಡಿಯ ತಾರಸಿಯ ಮೇಲೆ ಮಳೆಮಾಪಕ ಇಟ್ಟಿದ್ದಾರೆ.

“ಬನ್ನಿ ರಾಜೀವಕ್ಕ. ನಿಮ್ಮಲ್ಲಿ ಬಿದ್ದ ನೀರೆಲ್ಲ ಮರುದಿನ ನನ್ನ ಅಂಗಡಿ ಮೆಟ್ಟಿಲಿಗೆ ಬರ್ತದೆ. ಇವತ್ತು ನೀವೇ ಬಂದ್ರಿ,” ಎಂದು ಸ್ಟೂಲು ಎಳೆದರು.

“ನೀರು ಕಳಿಸದಿದ್ರೆ ನಿಮ್ಮ ಟಾರ್ಪಾಲು ತೆಗೆದುಕೊಳ್ಳುವವರು ಯಾರು ಬ್ಯಾರಿಗಳೇ? ಪುಸ್ತಕ ತನ್ನಿ.”

ನಾನು ಅಂಕಿಗಳನ್ನು ನೋಡಲಿಲ್ಲ. ಲಾಯಿಲದ ಅಂಕಿಗೂ ಪಾಣೆಮಂಗಳೂರಿನ ಅಂಕಿಗೂ ಸಂಬಂಧವಿರುವುದಿಲ್ಲ. ಪಕ್ಕದಲ್ಲಿ ಬರೆದ ಮಾತುಗಳ ಮೇಲೆ ಬೆರಳಿಟ್ಟು ಓದಿದೆ. ನನ್ನದರಲ್ಲಿ, “ಅ. 14, ಮಂಗಳವಾರ. ರಾತ್ರಿ ದೊಡ್ಡ ಸಿಡಿಲು. ಬೆಳಗಿನವರೆಗೆ ಕರೆಂಟಿಲ್ಲ.” ಅವರದರಲ್ಲಿ, “15, ಬುಧವಾರ. ರಾತ್ರಿ ಸಿಡಿಲು. ಬೆಳಗಿನವರೆಗೆ ಕರೆಂಟಿಲ್ಲ.”

“ಬುಧವಾರ ರಾತ್ರಿ ಕರೆಂಟು ಇತ್ತಲ್ಲ ಮಾರಾಯ್ರೆ?”

“ಇತ್ತು. ಇದು ಅದರ ಹಿಂದಿನ ರಾತ್ರಿ. ಹೊತ್ತು ಮುಳುಗಿ ಮಗ್ರಿಬ್ ನಮಾಜು ಆಯಿತಲ್ಲ, ನಮಗೆ ಆಗಲೇ ಬುಧವಾರ.”

“ನಮ್ಮ ಜೈನರಿಗೆ ಹೊತ್ತು ಮೂಡುವವರೆಗೆ ಮಂಗಳವಾರವೇ. ತಿಥಿ ನೋಡುವುದೂ ಹಾಗೇ. ಬುಧವಾರ ಬೆಳಿಗ್ಗೆ ಅಳೆದ ನೀರು ಮಂಗಳವಾರದ್ದು ಅಂತ ಬರೆದೆ, ಬಾಟಲಿಗೂ ಅದನ್ನೇ ಅಂಟಿಸಿದೆ.”

ಸಾಧನಾ ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡಳು. “ಅಯ್ಯೋ! ಅಳೆದ ದಿನದ್ದೇ ತಾರೀಖು ಹಾಕುವುದು ಹವಾಮಾನ ಇಲಾಖೆಯ ಕ್ರಮ. ನಾನು ಕೇಳಲೇ ಇಲ್ಲ.”

“ನಾನೂ ಹೇಳಲಿಲ್ಲ. ಮೂವತ್ತೈದು ವರ್ಷದಲ್ಲಿ ಯಾರೂ ಕೇಳಲಿಲ್ಲ. ಆಷಾಢದಲ್ಲಿ ದಿನಾ ಸುರಿಯುವಾಗ ಒಂದು ದಿನ ಹಿಂದೆ ಮುಂದೆ ಆದದ್ದು ಯಾರಿಗೆ ಗೊತ್ತಾಗ್ತದೆ?”

“ಇಲಾಖೆಯೂ ನಮ್ಮ ಕಡೆ ಅಂತಾಯ್ತು!” ಝಕರಿಯಾ ಮೇಜು ಬಡಿದು ನಕ್ಕರು.

“ಎದೆ ಉಬ್ಬಿಸಬೇಡಿ. ನೀವು ಇಲಾಖೆಯನ್ನು ಕೇಳಿ ಬರೆದದ್ದಾ?”

ಅಕ್ಟೋಬರಿನಲ್ಲಿ ಇಬ್ಬರೂ ಗುಡುಗು ಬರೆದ ರಾತ್ರಿಗಳು ಒಟ್ಟು ಒಂಬತ್ತು. ಒಂಬತ್ತರಲ್ಲೂ ನಾನು ಒಂದು ದಿನ ಹಿಂದೆ. ಸಾಧನಾ ಅಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಲಾಯಿಲದ ತಾರೀಖುಗಳನ್ನು ಒಂದೊಂದು ದಿನ ಮುಂದಕ್ಕೆ ಸರಿಸಿದಳು. ಪರದೆಯ ಮೇಲೆ ಅವಳ ಲೆಕ್ಕದ ಗೆರೆಯೂ ನನ್ನ ಬಾಟಲಿಗಳ ಗೆರೆಯೂ ಒಂದರ ಮೇಲೊಂದು ಬಂದವು. ಅವಳು ಸರ್‌ಗೆ ಫೋನು ಮಾಡಿದಳು. ಬೇಕಾದ ಹಾಗೆ ತಾರೀಖು ಸರಿಸಿದರೆ ಯಾರೂ ಒಪ್ಪುವುದಿಲ್ಲ, ಅಳೆದವರು ತಾವೇ ಬರೆದು ಸಹಿ ಹಾಕಲಿ, ಎರಡೂ ಪುಸ್ತಕಗಳ ಫೋಟೋ ಇರಲಿ ಎಂದರು.

ಝಕರಿಯಾ ಪೆನ್ನು ಕೊಟ್ಟರು. ನಿಧಾನಕ್ಕೆ ಬರೆದೆ: “ನಾನು ಬೆಳಿಗ್ಗೆ ಎಂಟೂವರೆಗೆ ಅಳೆದು ಹಿಂದಿನ ದಿನದ ತಾರೀಖು ಹಾಕುತ್ತೇನೆ. ಮೊದಲ ಪುಟದಿಂದಲೂ ಹಾಗೆಯೇ. ತಾರೀಖನ್ನು ತಿದ್ದಿಕೊಳ್ಳಿ. ಅಳತೆಯನ್ನು ತಿದ್ದಬೇಡಿ.” ಕೆಳಗೆ ಪೂರ್ತಿ ಹೆಸರು ಬರೆದೆ.

“ರಾಜೀವಕ್ಕ, ಹೊರಡಿ. ಹೊತ್ತು ಮುಳುಗಿದ್ರೆ ನಿಮಗೆ ಊಟ ಇಲ್ಲ, ನನಗೆ ನಾಳೆ ಶುರು.”

ಮಾರನೇ ವಾರ ಸಾಧನಾ ನಕ್ಷೆ ತಂದು ತೋರಿಸಿದಳು. ಕಲ್ಪಿಸಿಕೊಂಡ ಅವಘಡವೊಂದರ ಕಣಗಳು ಕಡಲ ಕಡೆಯಿಂದ ಬಂದು, ಮೂಡುಬಿದಿರೆಯ ಮೇಲೆ ತೆಳುವಾಗಿ ಹಾದು, ಘಟ್ಟದ ಬುಡದ ಮಳೆಯಲ್ಲಿ ಇಳಿದಿದ್ದವು. ಎಲ್ಲಕ್ಕಿಂತ ಕಡುಬಣ್ಣ ಲಾಯಿಲದ್ದು.

“ಇದನ್ನು ನೋಡಿ ಹೆದರಿಕೆ ಆಗುದಿಲ್ವಾ ಅಜ್ಜಿ?”

“ಬಿಳಿ ಬಿಟ್ಟಿದ್ರೆ ಆಗ್ತಿತ್ತು. ಈಗ ಬಾಗಿಲು ಯಾವಾಗ ಹಾಕಬೇಕು ಅಂತ ಹೇಳ್ಲಿಕ್ಕೆ ನೀನಿದ್ದಿ.”

ಎಂಟೂವರೆಯಾಗಿತ್ತು. ಅಂಗಳಕ್ಕಿಳಿದು ಮಾಪಕ ಎತ್ತಿದೆ. ಹನ್ನೆರಡು ಮಿಲಿಮೀಟರ್. ಇಲಾಖೆಯ ಕ್ರಮದಂತೆ ಇವತ್ತಿನ ತಾರೀಖು ಹಾಕಿ, ಪಕ್ಕದಲ್ಲಿ “ನಿನ್ನೆ ರಾತ್ರಿಯ ಮಳೆ” ಎಂದು ಬರೆದೆ.