ದಾರಿ ಹೇಳುವ ದನಿ

ರಘುನಾಥನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಚನ್ನಗಿರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಅವನು ವಾರಕ್ಕೆರಡು ದಿನ ಅಂಗಡಿಯ ಬಾಗಿಲು ಹಾಕಿ, ಲೆನ್ಸಿನ ಪೆಟ್ಟಿಗೆ, ಫ್ರೇಮುಗಳು, ಗೋಡೆಗೆ ತೂಗುಹಾಕುವ ಅಕ್ಷರದ ಹಾಳೆ ಎಲ್ಲ ತುಂಬಿಕೊಂಡು ಸಂತೆಗಳಿಗೆ ಹೋಗುತ್ತಿದ್ದ. ಓಡಿಸುತ್ತಿದ್ದವಳು ಹೆಂಡತಿ ಲಕ್ಷ್ಮೀದೇವಿ. ಅವಳ ಅಪ್ಪ ಜೀಪಿನ ಡ್ರೈವರಾಗಿದ್ದವರು. ಮದುವೆಗೆ ಮೊದಲೇ ಮಗಳಿಗೆ ಸ್ಟೇರಿಂಗು ಕೊಟ್ಟು ಕಲಿಸಿದ್ದರು.

ಕಾರನ್ನು ಬಸ್‌ಸ್ಟ್ಯಾಂಡಿನ ಹಿಂದಿದ್ದ ಸಿದ್ದೇಶನ ಹತ್ತಿರ ಬಾಡಿಗೆಗೆ ತೆಗೆದುಕೊಳ್ಳುತ್ತಿದ್ದರು. ಎರಡು ದಿನದ ಓಡಾಟಕ್ಕೆ ಸ್ವಂತ ಕಾರು ಯಾಕೆ ಎನ್ನುವುದು ರಘುನಾಥನ ವಾದ. ಹಾಗಾಗಿ ಪ್ರತಿ ಸಲವೂ ಬೇರೆ ಕಾರು. ಒಂದರಲ್ಲಿ ಗೇರು ಬಿಗಿ, ಇನ್ನೊಂದರಲ್ಲಿ ಹಾರ್ನೇ ಕೂಗುವುದಿಲ್ಲ. ಲಕ್ಷ್ಮೀದೇವಿಗೆ ಎಲ್ಲವೂ ಅಭ್ಯಾಸವಾಗಿತ್ತು. ಅವಳಿಗೆ ಇದ್ದ ತೊಂದರೆ ಒಂದೇ, ದಾರಿ ನೆನಪಿರುತ್ತಿರಲಿಲ್ಲ. ಹತ್ತು ಸಲ ಹೋದ ಊರಿಗೂ ಹನ್ನೊಂದನೇ ಸಲ ಕ್ರಾಸಿನಲ್ಲಿ ಬ್ರೇಕು ಹಾಕಿ ಗಂಡನ ಮುಖ ನೋಡುತ್ತಿದ್ದಳು. ರಘುನಾಥನಿಗೂ ಎಲ್ಲ ದಾರಿ ಗೊತ್ತಿತ್ತೆಂದಲ್ಲ. ಅವನು ಕಿಟಕಿ ಇಳಿಸಿ ಯಾರನ್ನಾದರೂ ಕೇಳುತ್ತಿದ್ದ. ದಾರಿ ಕೇಳುತ್ತ ಮಳೆ, ಮೆಕ್ಕೆಜೋಳ, ಮೊಮ್ಮಕ್ಕಳು ಎಲ್ಲವನ್ನೂ ವಿಚಾರಿಸಿ, ಕೊನೆಗೆ "ಎಡಕ್ಕೆ ಹೊಡಿ ಲಕ್ಷ್ಮಿ" ಅನ್ನುತ್ತಿದ್ದ.

ಕಳೆದ ವರ್ಷ ಅವನ ಗಂಟಲಿನಲ್ಲಿ ಗಂಟು ಕಾಣಿಸಿತು. ಶಿವಮೊಗ್ಗದಲ್ಲಿ ಆಪರೇಶನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಅವನು ಉಸಿರಾಡುವುದು ಕತ್ತಿನಲ್ಲಿ ಮಾಡಿರುವ ತೂತಿನಿಂದ. ಅದರ ಮೇಲೊಂದು ತೆಳುವಾದ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಾನೆ. ಗಂಟಲಿಗೆ ಒತ್ತಿಕೊಂಡು ಮಾತಾಡುವ ಒಂದು ಯಂತ್ರವನ್ನು ಆಸ್ಪತ್ರೆಯವರು ಕೊಡಿಸಿದ್ದರು. ಅದರಿಂದ ಬಂದ ದನಿ ತಗಡು ಬಡಿದಂತಿತ್ತು. ಒಂದು ವಾರ ಪ್ರಯತ್ನಿಸಿ ಅಲಮಾರಿಯಲ್ಲಿಟ್ಟುಬಿಟ್ಟ. ಏನಾದರೂ ಹೇಳಬೇಕಾದರೆ ಜೇಬಿನಲ್ಲಿರುವ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ.

ಅಂಗಡಿಯ ಕೆಲಸ ಹೇಗೋ ಹೊಂದಿಕೊಂಡಿತು. ಅವನು ಲೆನ್ಸು ಬದಲಿಸುತ್ತಿದ್ದ, ಪಕ್ಕದಲ್ಲಿ ನಿಂತು ಲಕ್ಷ್ಮೀದೇವಿ "ಇದು ಚಲೋ ಕಾಣ್ತೈತಾ, ಅದಾ?" ಎಂದು ಕೇಳುತ್ತಿದ್ದಳು. ಕಷ್ಟವಾದದ್ದು ದಾರಿಯಲ್ಲಿ. ಆಪರೇಶನ್ ಆದ ಮೇಲೆ ಮೊದಲ ಸಲ ಉಬ್ರಾಣಿ ಕಡೆಯ ಒಂದು ಹಳ್ಳಿಗೆ ಹೊರಟಾಗ ಅವಳು ಫೋನಿನಲ್ಲಿ ಮ್ಯಾಪು ಹಾಕಿಕೊಂಡಿದ್ದಳು. ಅರ್ಧ ದಾರಿಯಲ್ಲಿ ನೆಟ್‌ವರ್ಕ್ ಹೋಯಿತು. ಮುಂದೆ ಕೆರೆ ಏರಿಯ ಹತ್ತಿರ ರಸ್ತೆ ಎರಡಾಯಿತು. ಅವಳು ಬಲಕ್ಕೆ ತಿರುಗಿಸಿದಳು. ಅದು ತಪ್ಪು ಎಂದು ರಘುನಾಥನಿಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದ, ಏನೂ ಬರಲಿಲ್ಲ. ಗಾಬರಿಯಲ್ಲಿ ಅವಳ ತೋಳು ಹಿಡಿದು ಎಳೆದ. ಸ್ಟೇರಿಂಗು ಜಾರಿತು. ಕಾರು ಏರಿಯ ಅಂಚಿಗೆ ಬಂದು ನಿಂತಿತು. ಕೆಳಗೆ ನೀರಿತ್ತು.

ಲಕ್ಷ್ಮೀದೇವಿ, "ಇನ್ನೊಂದ್ಸಲ ಹಂಗೆ ಎಳೀಬ್ಯಾಡ್ರಿ" ಎಂದಷ್ಟೇ ಹೇಳಿ, ನಿಧಾನವಾಗಿ ಹಿಂದಕ್ಕೆ ತೆಗೆದಳು.

ಮರುದಿನ ಬೆಳಿಗ್ಗೆ ಅವನು ನೋಟ್‌ಬುಕ್ಕು ಅವಳ ಮುಂದೆ ಹಿಡಿದ. "ದಾರಿ ಹೇಳೋ ಮಷೀನು ತರಾನ. ಯಾವ ಕಾರಿಗಾದ್ರೂ ಅಂಟಿಸಾಕೆ ಬರ್ತೈತಂತೆ. ನೆಟ್‌ವರ್ಕ್ ಬೇಕಾಗಲ್ಲ."

"ಫೋನೈತಲ್ಲ, ಸಾಕು ಬಿಡ್ರಿ."

"ನಿನ್ನೆ ಏನಾಯ್ತು?" ಎಂದು ಬರೆದ.

ಅವಳು ಒಲೆಯ ಕಡೆ ತಿರುಗಿ ರೊಟ್ಟಿ ಮಗುಚಿದಳು.

ದಾವಣಗೆರೆಯಲ್ಲಿ ಕಾರಿನ ಸಾಮಾನು ಮಾರುವ ಅಂಗಡಿಗೆ ಇಬ್ಬರೂ ಹೋದರು. ಕೌಂಟರಿನಲ್ಲಿದ್ದ ಹುಡುಗಿಯ ಹೆಸರು ಪೂಜಾ. ಈಗ ಇವನ್ನು ಕೇಳಿಕೊಂಡು ಬರುವವರೇ ಕಡಿಮೆ, ಎಲ್ಲರೂ ಫೋನು ಬಳಸುತ್ತಾರೆ ಎಂದು ಹೇಳುತ್ತಲೇ ಅವಳು ಮೂರು ಡಬ್ಬಿ ಕೆಳಗಿಳಿಸಿದಳು. ಮೊದಲನೆಯದು ದೊಡ್ಡದು, ಅಂಗೈಗಿಂತ ಅಗಲ. ಎರಡನೆಯದು ಚಿಕ್ಕದು, ಜೇಬಿನಲ್ಲಿ ಹಿಡಿಯುವಂಥದ್ದು. ಮೂರನೆಯದು ಇವೆರಡರ ನಡುವಿನದು.

ರಘುನಾಥ ಗಿರಾಕಿಯ ಕಣ್ಣು ನೋಡುವಷ್ಟೇ ಸಾವಧಾನವಾಗಿ ಒಂದೊಂದನ್ನೂ ನೋಡಿದ. ಗಾಜಿಗೆ ಅಂಟಿಸುವ ರಬ್ಬರ್ ಬಟ್ಟಲನ್ನು ಕೌಂಟರಿನ ಗಾಜಿಗೆ ಒತ್ತಿ, ಎಳೆದು, ಮತ್ತೆ ಒತ್ತಿ ಪರೀಕ್ಷಿಸಿದ. ಚಿಕ್ಕದರ ಬಟ್ಟಲು ಎರಡನೇ ಸಲ ಅಂಟಲಿಲ್ಲ. ಚಾರ್ಜಿಂಗ್ ವಯರು ಎಲ್ಲ ಕಾರಿಗೂ ಹೊಂದುತ್ತದೆಯೇ ಎಂದು ಬರೆದು ಕೇಳಿದ. ಸಿಗರೇಟು ಹಚ್ಚುವ ತೂತು ಇರುವ ಯಾವ ಕಾರಿಗಾದರೂ ಆಗುತ್ತದೆ ಎಂದಳು ಪೂಜಾ. ಆಮೇಲೆ ಅವುಗಳನ್ನು ಹಿಡಿದು ಅಂಗಡಿಯ ಹೊರಗೆ, ಬಿಸಿಲಿಗೆ ಹೋದ. ದೊಡ್ಡದರ ಪರದೆ ಬಿಸಿಲಲ್ಲಿ ಕನ್ನಡಿಯಂತಾಯಿತು. ಅದರಲ್ಲಿ ಎದುರು ಕಟ್ಟಡವೇ ಕಾಣುತ್ತಿತ್ತು, ರಸ್ತೆ ಕಾಣುತ್ತಿರಲಿಲ್ಲ.

ಲಕ್ಷ್ಮೀದೇವಿಯನ್ನು ಒಂದು ಸ್ಟೂಲಿನ ಮೇಲೆ ಸ್ಟೇರಿಂಗಿನ ಮುಂದೆ ಕೂರುವಂತೆ ಕೂರಿಸಿ, ತಾನು ಒಂದು ಮೊಳ ದೂರದಲ್ಲಿ ಮೂರನೆಯದನ್ನು ಹಿಡಿದು ನಿಂತ. ಊರಿನ ಹೆಸರು ಓದು ಎಂದು ಕೈ ತೋರಿಸಿದ. ಅವಳು ಕಣ್ಣು ಕಿರಿದು ಮಾಡಿದಳು.

"ಹೊ... ಹೊನ್ನಾಳಿ."

ಅದು ಜಗಳೂರು. ರಘುನಾಥ ಅವಳನ್ನೇ ನೋಡಿದ. ಇಷ್ಟು ವರ್ಷ ಜಿಲ್ಲೆಯ ಜನರಿಗೆಲ್ಲ ಕನ್ನಡಕ ಹಾಕಿದವನು ಮನೆಯವಳ ಕಣ್ಣು ನೋಡಿರಲಿಲ್ಲ. ಪೂಜಾ ಮುಖ ಆಚೆ ತಿರುಗಿಸಿ ನಕ್ಕಳು. ಲಕ್ಷ್ಮೀದೇವಿಗೂ ನಗು ಬಂತು.

"ದೂರದ್ದು ಚಲೋ ಕಾಣ್ತೈತ್ರಿ. ಇಷ್ಟು ಹತ್ರದ್ದೇ ಮಸುಕು."

ಇನ್ನು ಪರೀಕ್ಷಿಸಲು ಉಳಿದದ್ದು ದನಿ. ಪೂಜಾ ಮೂರನೆಯದನ್ನು ಕನ್ನಡಕ್ಕೆ ಹಾಕಿದಳು. ಅದರೊಳಗೆ ಎರಡು ದನಿ ಇದ್ದವು, ಒಂದು ಹೆಂಗಸಿನದು, ಒಂದು ಗಂಡಸಿನದು. "ಮುನ್ನೂರು ಮೀಟರ್ ನಂತರ ಎಡಕ್ಕೆ ತಿರುಗಿ" ಎಂದಿತು ಹೆಂಗಸಿನ ದನಿ. ಗಂಡಸಿನದೂ ಅದನ್ನೇ ಹೇಳಿತು, ಸ್ವಲ್ಪ ಗಡುಸಾಗಿ. ರಘುನಾಥ ಅಭ್ಯಾಸಬಲದಿಂದ ಎರಡು ಬೆರಳು ಎತ್ತಿ ತೋರಿಸಿದ: ಇದಾ, ಅದಾ?

ಅವಳು ಸ್ಟೂಲಿನಿಂದ ಎದ್ದಳು. "ನನಗೆ ತಿಳಿಯಾಕಿಲ್ಲ. ನೀವೇ ನೋಡ್ರಿ" ಎಂದು ಹೊರಗೆ ಬಂದು ಫುಟ್‌ಪಾತಿನಲ್ಲಿ ನಿಂತಳು. ರಘುನಾಥ ಹೆಂಗಸಿನ ದನಿಯನ್ನೇ ಇಟ್ಟು, ಪೆಟ್ಟಿಗೆ ಕಟ್ಟಿಸಿಕೊಂಡು ಬಂದ.

ಆ ವಾರ ಜಗಳೂರಿಗೆ ಹೋದರು. ಅವಳ ಮೂಗಿನ ಮೇಲೆ, ದೂರಕ್ಕೂ ಹತ್ತಿರಕ್ಕೂ ಆಗುವಂತೆ ಗಂಡ ಮಾಡಿಕೊಟ್ಟ ಹೊಸ ಕನ್ನಡಕವಿತ್ತು. ಯಂತ್ರ ಒಂದೂ ತಪ್ಪು ಹೇಳಲಿಲ್ಲ. ಪ್ರತಿ ತಿರುವಿಗೂ ಮೊದಲೇ ಎಚ್ಚರಿಸಿತು, ಅವಳು ಎಲ್ಲೂ ಬ್ರೇಕು ಹಾಕಿ ಪಕ್ಕಕ್ಕೆ ನೋಡಬೇಕಾಗಲಿಲ್ಲ. ಯಾವತ್ತಿಗಿಂತ ಮುಕ್ಕಾಲು ಗಂಟೆ ಮುಂಚೆ ತಲುಪಿದರು. ಆದರೆ ಟೇಬಲ್ಲು ಹಾಕಿ, ಅಕ್ಷರದ ಹಾಳೆ ತೂಗುಹಾಕಿ ಕಾದರೂ ಮಧ್ಯಾಹ್ನದವರೆಗೆ ಬಂದವರು ನಾಲ್ಕೇ ಜನ. ಮೊದಲೆಲ್ಲ ದಾರಿಯಲ್ಲಿ ಮಾತಾಡಿಸಿದವರೇ ಏಳೆಂಟು ಜನ ಹಿಂದೆ ಬರುತ್ತಿದ್ದರು. ಯಾರದೋ ಕನ್ನಡಕದ ಕಡ್ಡಿಗೆ ದಾರ ಸುತ್ತಿದ್ದನ್ನು ಕಿಟಕಿಯಿಂದಲೇ ನೋಡಿ, "ಸಂತೆಗೆ ಬರ್ರಿ, ಸರಿ ಮಾಡಿಕೊಡ್ತೀನಿ" ಎನ್ನುತ್ತಿದ್ದನಲ್ಲ ರಘುನಾಥ. ದಾರಿ ಕೇಳುವುದೆಂದರೆ ಅವನಿಗೆ ದಾರಿ ಮಾತ್ರ ಆಗಿರಲಿಲ್ಲ ಎಂಬುದು ಲಕ್ಷ್ಮೀದೇವಿಗೆ ಅವತ್ತು ತಿಳಿಯಿತು. ಅವನಿಗೂ ತಿಳಿದಿತ್ತು. ಲೆನ್ಸುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯಲ್ಲಿ ಜೋಡಿಸುತ್ತ ಅವನು ತಲೆ ಎತ್ತಲೇ ಇಲ್ಲ.

ಲಕ್ಷ್ಮೀದೇವಿ ಅಪರಿಚಿತರೊಡನೆ ಮಾತಾಡುವ ಹೆಂಗಸಲ್ಲ. ಸ್ಟೇರಿಂಗು ಹಿಡಿದರೆ ರಸ್ತೆ, ಇಳಿದರೆ ಕೆಲಸ. ಮುಂದಿನ ವಾರ ನ್ಯಾಮತಿಗೆ ಹೋಗುವಾಗ, ಊರು ಇನ್ನೂ ಐದಾರು ಕಿಲೋಮೀಟರು ಇರುವಂತೆ, ಹೊಲದ ಬದುವಿನಲ್ಲಿ ಹುಲ್ಲಿನ ಹೊರೆ ಇಳಿಸಿಕೊಂಡು ಕೂತಿದ್ದ ಒಬ್ಬ ಮುದುಕಿಯನ್ನು ನೋಡಿ ಅವಳು ಕಾರು ನಿಲ್ಲಿಸಿದಳು. ರಘುನಾಥ ಯಂತ್ರವನ್ನು ನೋಡಿದ. ಅದು ನೇರವಾಗಿ ಹೋಗಿ ಎನ್ನುತ್ತಿತ್ತು.

"ಅಜ್ಜಿ, ನ್ಯಾಮತಿಗೆ ಹಿಂಗೇ ಹೋಗಬೇಕಾ?"

ಮುದುಕಿ ಎದ್ದು ಬಂದು ಕಿಟಕಿಯೊಳಗೆ ಇಣುಕಿದಳು. "ಆ ಡಬ್ಬಿ ಹೇಳಾಕೆ ಹತ್ತೈತಲ್ಲ. ನನ್ನನ್ಯಾಕೆ ಕೇಳ್ತೀಯವ್ವ?"

ಲಕ್ಷ್ಮೀದೇವಿ ಇದ್ದದ್ದನ್ನೇ ಹೇಳಿದಳು. "ಅದು ದಾರಿ ಹೇಳ್ತೈತಜ್ಜಿ. ಯಾರಿಗೆ ಕಣ್ಣು ಕಾಣಲ್ಲ ಅಂತ ಹೇಳಲ್ಲ. ನಮ್ಮದು ಕನ್ನಡಕದ ಅಂಗಡಿ."

ಮುದುಕಿ ನಕ್ಕಳು. ಅವಳ ಹೆಸರು ಕರಿಬಸಮ್ಮ. ತನಗೆ ಸೂಜಿಗೆ ದಾರ ಪೋಣಿಸಾಕೆ ಆಗೋದಿಲ್ಲ, ತಮ್ಮನ ಹೆಂಡತಿಗೆ ಅಕ್ಕಿಯ ಕಲ್ಲು ಕಾಣೋದಿಲ್ಲ, ಪಕ್ಕದ ಮನೆಯ ಮೇಷ್ಟರು ಪೇಪರನ್ನು ತೋಳುದ್ದ ಹಿಡಿದು ಓದುತ್ತಾರೆ ಎಂದು ಎಲ್ಲ ಹೇಳಿದಳು. ಅವಳ ಮಾತು ಮುಗಿಯುವವರೆಗೂ ಲಕ್ಷ್ಮೀದೇವಿ ಕಾರು ಆಫ್ ಮಾಡಿಕೊಂಡು ಕೇಳಿದಳು. ಮಧ್ಯೆ ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದೂ ಕೇಳಿದಳು. ಕೇಳಿದ ಮೇಲೆ ತನಗೇ ಆಶ್ಚರ್ಯವಾಯಿತು. ರಘುನಾಥನ ಭುಜ ಕುಲುಕುತ್ತಿತ್ತು. ದನಿಯಿಲ್ಲದ ಅವನ ನಗು ಹಾಗೆಯೇ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕರಿಬಸಮ್ಮ ಐದು ಜನರನ್ನು ಆಟೋದಲ್ಲಿ ತುಂಬಿಕೊಂಡು ಬಂದಳು.

ಅವತ್ತು ಕೆಲಸ ಬೇಗ ಮುಗಿಯಿತು. ಹೊನ್ನಾಳಿಗೆ ಬಂದು, ಸೇತುವೆ ದಾಟಿ, ಸಾಸ್ವೆಹಳ್ಳಿಯ ಹಾದಿ ಹಿಡಿದರು. ಸಂಜೆಯ ಬಿಸಿಲು ಗದ್ದೆಗಳ ಮೇಲೆ ಉದ್ದಕ್ಕೆ ಬಿದ್ದಿತ್ತು. ರಸ್ತೆ ನೇರವಾಗಿತ್ತು, ಯಂತ್ರ ಬಹಳ ಹೊತ್ತಿನಿಂದ ಸುಮ್ಮನಿತ್ತು. ಇದ್ದಕ್ಕಿದ್ದಂತೆ ಅದು, "ಇನ್ನೂರು ಮೀಟರ್ ನಂತರ ಬಲಕ್ಕೆ ತಿರುಗಿ" ಎಂದಿತು.

"ಇದಕ್ಕೇನಾತು? ಇಲ್ಲಿ ಯಾಕೆ ಬಲಕ್ಕೆ?" ಎಂದು ಲಕ್ಷ್ಮೀದೇವಿ ವೇಗ ಕಡಿಮೆ ಮಾಡಿದಳು. ಬಲಗಡೆ ಇದ್ದದ್ದು ಗದ್ದೆಗಳ ನಡುವಿನ ಒಂದು ಮಣ್ಣಿನ ಹಾದಿ. ಪಕ್ಕಕ್ಕೆ ನೋಡಿದಳು. ರಘುನಾಥನ ಬೆರಳು ಇನ್ನೂ ಪರದೆಯ ಮೇಲೇ ಇತ್ತು. ಅವನು ತಿರುಗಿ ಅವಳನ್ನು ನೋಡಿ ಹುಬ್ಬು ಹಾರಿಸಿದ.

ದಾರಿ ಬದಲಿಸಿದ್ದು ಅವನೇ ಎಂದು ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಬಲಕ್ಕೆ ತಿರುಗಿಸಿದಳು. ಯಂತ್ರ ಮತ್ತೆರಡು ಸಲ ದಾರಿ ಹೇಳಿತು. ಹಾದಿ ನದಿಯ ದಂಡೆಯಲ್ಲಿ ಒಂದು ಹೊಂಗೆ ಮರದ ಕೆಳಗೆ ಮುಗಿಯಿತು. ಅಲ್ಲಿ ಯಾರೂ ಇರಲಿಲ್ಲ. ತುಂಗಭದ್ರೆ ಅಗಲವಾಗಿ, ಸದ್ದಿಲ್ಲದೆ ಹರಿಯುತ್ತಿತ್ತು. ಆಚೆ ದಡದಲ್ಲಿ ಯಾರೋ ಎತ್ತಿನ ಮೈ ತೊಳೆಯುತ್ತಿದ್ದರು.

ಇಬ್ಬರೂ ಇಳಿದು ಕಲ್ಲಿನ ಮೇಲೆ ಕೂತರು. ಉಳಿದಿದ್ದ ಮಂಡಕ್ಕಿಯ ಪೊಟ್ಟಣವನ್ನು ಲಕ್ಷ್ಮೀದೇವಿ ಬಿಚ್ಚಿದಳು. ಗಂಡನಿಗೆ ನುಂಗಲು ತೊಂದರೆಯಾಗಬಾರದೆಂದು ಮೆತ್ತಗಿದ್ದ ಬಾಳೆಹಣ್ಣು ಅವನ ಕೈಗೆ ಕೊಟ್ಟಳು. ನದಿಯ ಕಡೆಯೇ ನೋಡುತ್ತ ಹೇಳಿದಳು:

"ಅವತ್ತು ದಾವಣಗೆರೆ ಅಂಗಡಿಯಾಗೆ ನನಗೆ ಯಾವ ದನೀನೂ ಬ್ಯಾಡಾಗಿತ್ತು. ನಿಮ್ಮ ಜಾಗದಾಗೆ ಇನ್ನೊಂದು ದನಿ ಕೂರ್ಸಾಕೆ ನನಗೆ ಮನಸ್ಸು ಬರ್ಲಿಲ್ಲ."

ರಘುನಾಥ ನೋಟ್‌ಬುಕ್ಕು ತೆಗೆದ. ಬರೆಯಲು ಶುರುಮಾಡಿ ನಿಲ್ಲಿಸಿದ. ಆಮೇಲೆ ಒಂದೇ ಸಮನೆ ಬರೆದು ಅವಳ ಮಡಿಲಲ್ಲಿಟ್ಟ.

"ಮೊದಲು ಬೇರೆ ಯೋಚನೆ ಮಾಡಿ ತಂದಿದ್ದೆ. ಮುಂದಿನ ತಿಂಗಳು ಚೆಕಪ್ಪಿನಾಗೆ ಏನ್ ಹೇಳ್ತಾರೋ ಗೊತ್ತಿಲ್ಲ. ನಾನಿಲ್ದೇ ಇದ್ದಾಗ ನೀನು ಒಬ್ಳೇ ಕ್ರಾಸಿನಾಗೆ ನಿಂತ್ಕೋಬಾರ್ದು ಅಂತ."

ಅವಳು ಹೊಸ ಕನ್ನಡಕದಲ್ಲಿ ಅದನ್ನು ಎರಡು ಸಲ ಓದಿದಳು. ಇದನ್ನು ಅವಳು ಅಂದಾಜು ಮಾಡಿರಲಿಲ್ಲವೆಂದಲ್ಲ. ಅಕ್ಷರದಲ್ಲಿ ನೋಡಿರಲಿಲ್ಲ ಅಷ್ಟೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು.

"ಈಗ?" ಎಂದಳು.

ಅವನು ಪುಸ್ತಕ ವಾಪಸು ತೆಗೆದುಕೊಂಡು ಕೆಳಗೆ ಒಂದು ಸಾಲು ಸೇರಿಸಿದ. "ಈಗ ನಾನೇ ಬಳಸ್ತಿದೀನಲ್ಲ."

ಬಿಸಿಲು ನೀರಿನಿಂದ ಮೇಲಕ್ಕೆ ಸರಿಯುವವರೆಗೂ ಅಲ್ಲೇ ಕೂತಿದ್ದರು.

ಮುಂದಿನ ತಿಂಗಳು ಚೆಕಪ್ಪಿನಲ್ಲಿ ಡಾಕ್ಟರು ಎಲ್ಲ ಸರಿಯಿದೆ, ಇನ್ನು ಆರು ತಿಂಗಳು ಬಿಟ್ಟು ಬನ್ನಿ ಎಂದರು. ಸಂತೆಯ ದಿನಗಳಲ್ಲಿ ಹೋಗುವಾಗ ಕಿಟಕಿ ಇಳಿಸಿ ಮಾತಾಡಿಸುವ ಕೆಲಸ ಲಕ್ಷ್ಮೀದೇವಿಯದಾಯಿತು. ಬರುವಾಗ ಯಂತ್ರ ರಘುನಾಥನದು. ಒಂದು ಸಲ ಅದು ಅವರನ್ನು ಸಂತೇಬೆನ್ನೂರಿನ ಹೊಂಡದ ಮೆಟ್ಟಿಲಿಗೆ ಕರೆದೊಯ್ದಿತು, ಇನ್ನೊಂದು ಸಲ ಒಳ್ಳೆಯ ಮಿರ್ಚಿ ಸಿಗುವ ಗೂಡಂಗಡಿಗೆ. ಒಂದು ಶುಕ್ರವಾರ ಅವನ ಬೆರಳು ಎಲ್ಲೋ ತಪ್ಪಿ ಬಿದ್ದು, ಕಾರು ಒಂದು ಕಲ್ಲುಕ್ವಾರಿಯ ಮುಂದೆ ಹೋಗಿ ನಿಂತಿತು.

"ಇಲ್ಲೇನು ನೋಡಾಕೆ ಐತ್ರಿ?" ಎಂದು ಲಕ್ಷ್ಮೀದೇವಿ ಕೇಳಿದಳು. ರಘುನಾಥ ತನಗೂ ಗೊತ್ತಿಲ್ಲವೆಂದು ಎರಡೂ ಕೈ ಎತ್ತಿ ತೋರಿಸಿದ.

ಯಾರು ಬಂದರೆಂದು ನೋಡಲು ಕಾವಲಿನವನು ಶೆಡ್ಡಿನಿಂದ ಎದ್ದು ಬಂದ. ಕೈಯಲ್ಲಿದ್ದ ಬೀಗದ ಕೀಗಳನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಯಾವುದು ಯಾವುದರದೆಂದು ಹುಡುಕುತ್ತಿದ್ದ. ಲಕ್ಷ್ಮೀದೇವಿ ಕಿಟಕಿಯಿಂದ ತಲೆ ಹೊರಹಾಕಿ, "ಅಣ್ಣಾರೆ, ಎಷ್ಟು ವರ್ಷ ಆತು ಕಣ್ಣು ತೋರ್ಸಿ?" ಎಂದು ಕೇಳಿದಳು. ರಘುನಾಥ ಆಗಲೇ ಡಿಕ್ಕಿ ತೆಗೆದು ಲೆನ್ಸಿನ ಪೆಟ್ಟಿಗೆಗೆ ಕೈ ಹಾಕಿದ್ದ.